ಹಗ್ಗ ಕಿರಿದಾದಂತೆ

ಸ್ಲಾಲಮ್ ವಾಟರ್ ಸ್ಕೀಯಿಂಗ್ ಎಂಬ ಕ್ರೀಡೆಯ ಅಳತೆಗಳನ್ನು ಮೊದಲ ಸಲ ಓದುವವರಿಗೆ, ಅವುಗಳಲ್ಲಿ ಎಲ್ಲಿಯೋ ಮುದ್ರಣದೋಷ ನುಸುಳಿರಬೇಕೆಂಬ ಸಂಶಯ ಹುಟ್ಟುವುದು ಸಹಜ. ಯಂತ್ರದೋಣಿಯು ನೆಟ್ಟನೆ ಸಾಗತಕ್ಕ ಮಧ್ಯರೇಖೆಯಿಂದ 11.5 ಮೀಟರ್ ದೂರದಲ್ಲಿ, ಎಡಕ್ಕೆ ಮೂರು ಬಲಕ್ಕೆ ಮೂರರಂತೆ, ಆರು ತೇಲುಗುಂಡುಗಳನ್ನು ನೀರಿನಲ್ಲಿ ನೆಲೆಗೊಳಿಸಿರುತ್ತಾರೆ. ದೋಣಿಯ ನಡುಗಂಬಕ್ಕೆ ಕಟ್ಟಿದ ಹಗ್ಗದ ಹಿಡಿಯನ್ನು ಹಿಡಿದು, ಒಂದೇ ಸ್ಕೀಯ ಮೇಲೆ ನಿಂತು ಬರುವ ಸವಾರನು ಆ ಆರು ಗುಂಡುಗಳನ್ನೂ ಹೊರಬದಿಯಿಂದ ಬಳಸಿಕೊಂಡು ಹೋಗಬೇಕು. ಆದರೆ ಪ್ರಥಮ ಪಂಕ್ತಿಯ ಸವಾರರು ಹಿಡಿಯುವ ಹಗ್ಗದ ಉದ್ದವಾದರೋ 10.25 ಮೀಟರ್, ಅದಕ್ಕೂ ಕಠಿಣವಾದ ಪರೀಕ್ಷೆಯಲ್ಲಿ 9.75 ಮೀಟರ್. ಅಂದರೆ ಹಗ್ಗವನ್ನು ದೋಣಿಗೆ ಲಂಬವಾಗಿ ಎಳೆದು ಹಿಡಿದರೂ ಅದರ ತುದಿ ಗುಂಡನ್ನು ಮುಟ್ಟಲಾರದು, ಇನ್ನೂ 1.75 ಮೀಟರ್ ಕೊರತೆ ಉಳಿಯುತ್ತದೆ. ಆ ಕೊರತೆಯನ್ನು ತುಂಬುವುದು ಸವಾರನ ಶರೀರ: ಒಂದು ಕೈಯನ್ನು ಹಿಡಿಯ ಕಡೆಗೆ ಪೂರ್ತಿಯಾಗಿ ಚಾಚಿ, ಮೈಯನ್ನು ನೀರಿನ ಮೇಲೆ ಬಹುಮಟ್ಟಿಗೆ ಅಡ್ಡವಾಗಿ ಒರಗಿಸಿ, ಪಾದಗಳ ಕೆಳಗಿನ ಸ್ಕೀಯನ್ನು ಗುಂಡಿನ ಆಚೆಗೆ ಸಾಗಿಸಿ ಅವನು ತಿರುಗುತ್ತಾನೆ. 2013ರಲ್ಲಿ ಅಮೆರಿಕದ ನೇಟ್ ಸ್ಮಿತ್ 9.75 ಮೀಟರ್ ಹಗ್ಗದಲ್ಲಿ ಇಂಥ ಎರಡೂವರೆ ಗುಂಡುಗಳನ್ನು ದಾಟಿದುದು ಲೋಕದಾಖಲೆಯಾಯಿತು.

ಈ ಸಾಧನೆಯ ಹಿಂದೆ ತೋಳ್ಬಲವೇ ಮುಖ್ಯವೆಂದು ನೋಡುವವರು ಭಾವಿಸುತ್ತಾರೆ. ಹೊಸದಾಗಿ ಕಲಿಯುವವರೂ ಹಾಗೆಯೇ ಭಾವಿಸಿ, ವರ್ಷಗಟ್ಟಲೆ ಹಗ್ಗವನ್ನು ಜಗ್ಗುತ್ತ ದಣಿಯುತ್ತಾರೆ. ವಸ್ತುತಃ ಇಲ್ಲಿ ಪ್ರಧಾನವಾದುದು ಕಾಲ ಮತ್ತು ಕೋನಗಳ ಲೆಕ್ಕ. ಶಕ್ತಿಯನ್ನು ಎಲ್ಲಿ ಗಳಿಸಬೇಕು, ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅರಿತವನಿಗೆ ಹಗ್ಗ ಕಿರಿದಾದರೂ ದಾರಿಯುಂಟು. ಅರಿಯದವನಿಗೆ ಎಷ್ಟು ಬೆಲೆಬಾಳುವ ಸ್ಕೀಯನ್ನು ಕೊಟ್ಟರೂ ಅದೇ ಗುಂಡಿನ ಬಳಿ ಅದೇ ಪತನ ಕಾದಿರುತ್ತದೆ.

ಎಂಟಡಿಯ ಹಲಗೆ

ಈ ಮಾತಿಗೆ ಕ್ರೀಡೆಯ ಜನ್ಮವೃತ್ತಾಂತವೇ ಸಾಕ್ಷಿಯಾಗಿದೆ. ಅಮೆರಿಕದ ಮಿನೆಸೋಟ ಸಂಸ್ಥಾನದ ಲೇಕ್ ಸಿಟಿ ಎಂಬ ಊರಿನ ರಾಲ್ಫ್ ಸ್ಯಾಮ್ಯುಯಲ್‌ಸನ್ ಎಂಬ ತರುಣನು, ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದೆಂದು ಯೋಚಿಸಿ, 1922ರ ಬೇಸಗೆಯಲ್ಲಿ ಪೆಪಿನ್ ಸರೋವರಕ್ಕೆ ಇಳಿದನು. ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡು ನೋಡಿದನು, ಹಿಮದ ಸ್ಕೀಗಳನ್ನು ಕಟ್ಟಿಕೊಂಡು ನೋಡಿದನು; ಎರಡೂ ಮುಳುಗಿದವು. ಕಡೆಗೆ ಎಂಟಡಿ ಉದ್ದದ ಪೈನ್ ಹಲಗೆಗಳೆರಡನ್ನು ತಂದು, ತಾಯಿಯ ತಾಮ್ರದ ಹಂಡೆಯಲ್ಲಿ ಅವುಗಳ ತುದಿಯನ್ನು ಕುದಿಸಿ ಮೇಲಕ್ಕೆ ಬಾಗಿಸಿ, ಚರ್ಮದ ಪಟ್ಟಿಗಳಿಂದ ಪಾದಗಳಿಗೆ ಬಿಗಿದುಕೊಂಡನು. ಅಣ್ಣ ಬೆನ್ ದೋಣಿ ನಡೆಸಿದನು. ಆದರೂ ಸವಾರನು ಮೇಲೇಳಲಿಲ್ಲ. ಜುಲೈ 2ರಂದು, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಅವನು ನೀರಿನಲ್ಲಿ ಹಿಂದಕ್ಕೆ ಒರಗಿ ಸ್ಕೀಗಳ ಮೂತಿಯನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದನು. ದೋಣಿ ಎಳೆಯಿತು, ಅವನು ನಿಂತನು. ಹಲಗೆ ಅದೇ, ದೋಣಿ ಅದೇ, ಸರೋವರ ಅದೇ; ಬದಲಾದುದು ಶರೀರದ ಭಂಗಿ ಮಾತ್ರ. ವಾಟರ್ ಸ್ಕೀಯಿಂಗಿನ ಮೊದಲ ಉಪಕರಣವೂ ಮೊದಲ ಪಾಠವೂ ಹೀಗೆ ಒಂದೇ ಬೇಸಗೆಯಲ್ಲಿ ಹುಟ್ಟಿದವು. ಪಾಠವು ಉಪಕರಣಕ್ಕಿಂತ ಕೊಂಚ ತಡವಾಗಿ ಬಂದು, ಅದನ್ನು ಸಾರ್ಥಕಗೊಳಿಸಿತು.

ಕ್ಷೇತ್ರವೂ ಕಾಲವೂ

ಇಂದಿನ ಸ್ಲಾಲಮ್ ಕ್ಷೇತ್ರದ ಉದ್ದ 259 ಮೀಟರ್. ಪ್ರವೇಶದ್ವಾರದಿಂದ ಮೊದಲ ಗುಂಡಿನ ಸಾಲಿಗೆ 27 ಮೀಟರ್. ಅಲ್ಲಿಂದ ಒಂದೊಂದು ಗುಂಡಿಗೂ 41 ಮೀಟರ್. ಆರನೆಯದರಿಂದ ನಿರ್ಗಮನದ್ವಾರಕ್ಕೆ ಮತ್ತೆ 27 ಮೀಟರ್. ಪುರುಷರ ಸ್ಪರ್ಧೆಯಲ್ಲಿ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಸ್ತ್ರೀಯರದರಲ್ಲಿ 55. ಗಂಟೆಗೆ 58ರ ವೇಗದಲ್ಲಿ ದೋಣಿಯು ಇಡೀ ಕ್ಷೇತ್ರವನ್ನು 16.08 ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಒಂದು ಗುಂಡಿನಿಂದ ಇನ್ನೊಂದಕ್ಕೆ ಸವಾರನಿಗೆ ದೊರೆಯುವ ಅವಧಿ ಎರಡೂವರೆ ಸೆಕೆಂಡಿಗಿಂತ ಕೂದಲೆಳೆಯಷ್ಟೇ ಹೆಚ್ಚು. ಅಷ್ಟರಲ್ಲಿ ಅವನು ಒಂದು ದಿಕ್ಕಿನ ಓಟವನ್ನು ನಿಲ್ಲಿಸಿ, ತಿರುಗಿ, 23 ಮೀಟರ್ ಅಗಲವನ್ನು ದಾಟಿ, ದೋಣಿಯ ಹಿಂದೆ ಏಳುವ ಎರಡು ಅಲೆಸಾಲುಗಳನ್ನು ಹಾದು, ಎದುರು ಬದಿಯ ತಿರುವಿಗೆ ಸಿದ್ಧನಾಗಿರಬೇಕು.

ಸ್ಪರ್ಧೆಯ ಕ್ರಮವೂ ವಿಚಿತ್ರವಾಗಿದೆ. ಆರು ಗುಂಡುಗಳನ್ನೂ ಬಳಸಿ ಎರಡನೆಯ ದ್ವಾರದಿಂದ ಹೊರಬಿದ್ದವನಿಗೆ ಬಹುಮಾನವಾಗಿ ದೊರೆಯುವುದು ಇನ್ನೂ ಕಷ್ಟವಾದ ಪರೀಕ್ಷೆ. ಮೊದಲು ದೋಣಿಯ ವೇಗವನ್ನು ಮೂರು ಮೂರು ಕಿಲೋಮೀಟರಿನಂತೆ ಏರಿಸುತ್ತಾರೆ. ಅದು ಮಿತಿಯನ್ನು ಮುಟ್ಟಿದ ಮೇಲೆ ಹಗ್ಗವನ್ನು ಮೊಟಕುಗೊಳಿಸುತ್ತ ಬರುತ್ತಾರೆ: 18.25 ಮೀಟರಿನಿಂದ 16, ಆಮೇಲೆ 14.25, 13, 12, 11.25, 10.75, 10.25, 9.75. ಸೋಲುವವರೆಗೆ ಆಟ ನಿಲ್ಲದು. ದೇಹದ ಚಾಚನ್ನು ಬದಿಗಿರಿಸಿ ಲೆಕ್ಕ ಹಾಕಿದರೆ, 18.25 ಮೀಟರ್ ಹಗ್ಗದ ಹಿಡಿ ಗುಂಡಿನ ಅಗಲವನ್ನು ಮುಟ್ಟಲು ಹಗ್ಗವು ಮಧ್ಯರೇಖೆಯಿಂದ ಸುಮಾರು 39 ಡಿಗ್ರಿ ವಾಲಿದರೆ ಸಾಕು, 14.25 ಮೀಟರಿಗೆ 54 ಡಿಗ್ರಿ ಬೇಕು. 12 ಮೀಟರಿಗೆ 73 ಡಿಗ್ರಿ. ಉದ್ದದ ಹಗ್ಗದವನು ದೋಣಿಯ ಹಿಂದೆ ಉಳಿದೇ ಗುಂಡನ್ನು ಸುತ್ತಬಲ್ಲನು; ಗಿಡ್ಡ ಹಗ್ಗದವನು ಬಹುಮಟ್ಟಿಗೆ ದೋಣಿಯ ಪಕ್ಕಕ್ಕೇ ಬಂದು ನಿಲ್ಲಬೇಕು. ಕೆಳ ಮೆಟ್ಟಿಲಲ್ಲಿ ನಡೆದ ತಪ್ಪು ಮೇಲಿನ ಮೆಟ್ಟಿಲಲ್ಲಿ ನಡೆಯದಿರುವುದಕ್ಕೆ ಈ ಕೋನಗಳೇ ಕಾರಣ.

ಉಯ್ಯಾಲೆಯ ಸೂತ್ರ

ದೋಣಿಯಲ್ಲಿ ಹಿಮ್ಮುಖವಾಗಿ ಕುಳಿತು ಸವಾರನನ್ನು ನೋಡುವವನಿಗೆ, ಅವನು ನಡುಗಂಬವನ್ನು ಕೇಂದ್ರವಾಗಿ ಇಟ್ಟುಕೊಂಡು ಒಂದು ವೃತ್ತಖಂಡದ ಮೇಲೆ ಅತ್ತಿಂದಿತ್ತ ತೂಗುತ್ತಿರುವಂತೆ ಕಾಣುತ್ತದೆ. ಇದು ನೆಲದ ಮೇಲೆ ಒರಗಿಸಿದ ಉಯ್ಯಾಲೆ. ಮರಕ್ಕೆ ಕಟ್ಟಿದ ಉಯ್ಯಾಲೆಯನ್ನು ಭೂಮಿಯ ಆಕರ್ಷಣೆ ಕೆಳಕ್ಕೆ ಸೆಳೆಯುವಂತೆ, ಇಲ್ಲಿ ಹಿಂದಕ್ಕೆ ಹರಿದುಹೋಗುವ ನೀರಿನ ಪ್ರತಿರೋಧವು ಸವಾರನನ್ನು ದೋಣಿಯ ನೇರ ಹಿಂಭಾಗಕ್ಕೆ ಸೆಳೆಯುತ್ತದೆ; ಆ ಸ್ಥಾನವೇ ಉಯ್ಯಾಲೆಯ ತಳ, ಗುಂಡಿನ ಬಳಿಯ ತಿರುವೇ ಅದರ ತುದಿ. ತುದಿಯಲ್ಲಿ ವೇಗ ಅತ್ಯಲ್ಪ, ತಳದಲ್ಲಿ ಅತ್ಯಧಿಕ. ಉಯ್ಯಾಲೆಯನ್ನು ಎತ್ತರಕ್ಕೆ ಏರಿಸಬೇಕೆನ್ನುವವನು ಅದು ಕೆಳಗಿಳಿಯುವಾಗ ಮೀಟಬೇಕೇ ಹೊರತು, ಮೇಲೇರುವಾಗ ಅದರೊಡನೆ ಜಗ್ಗಾಡಬಾರದು.

ಸ್ಲಾಲಮ್ಮಿನ ಸಮಸ್ತ ತಂತ್ರವೂ ಈ ಒಂದು ವಾಕ್ಯದ ವ್ಯಾಖ್ಯಾನವೆನ್ನಬಹುದು. ತಿರುವಿನಿಂದ ಹೊರಟ ಸವಾರನು ಸ್ಕೀಯ ಅಂಚನ್ನು ನೀರಿಗೆ ಒತ್ತಿ, ದೋಣಿಗೆ ವಿಮುಖವಾಗಿ ಒರಗಿದಾಗ, ಓರೆಯಾಗಿ ನಿಂತ ಸ್ಕೀಯ ತಳವು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ನೀರು ಅವನನ್ನು ಅಡ್ಡಲಾಗಿ ದೂಡುತ್ತದೆ. ಈ ದೂಡಿಕೆಯನ್ನು ದೋಣಿಯ ನೇರ ಹಿಂಭಾಗದೊಳಗೆ ಮುಗಿಸಬೇಕು. ಅಲ್ಲಿ ಅವನ ಅಡ್ಡವೇಗ ಸೆಕೆಂಡಿಗೆ 15 ಮೀಟರ್ ಎಂದು ಉದಾಹರಣೆಗೆ ಇಟ್ಟುಕೊಂಡರೆ, ದೋಣಿಯಿಂದ ಬಂದ ಮುನ್ನಡೆಯ ವೇಗದೊಡನೆ ಅದು ಸೇರಿ, ನೀರಿನ ಮೇಲೆ ಅವನ ನಿಜವೇಗ ಗಂಟೆಗೆ 79 ಕಿಲೋಮೀಟರ್ ಆಗುತ್ತದೆ. ನಡುವನ್ನು ದಾಟಿದೊಡನೆ ಅವನ ಧರ್ಮ ಬದಲಾಗುತ್ತದೆ: ಅಂಚನ್ನು ಬದಲಿಸಿ, ಸ್ಕೀಯನ್ನು ಹಗುರಗೊಳಿಸಿ, ಗಳಿಸಿದ ವೇಗವೇ ತನ್ನನ್ನು ಅಗಲಕ್ಕೆ ಒಯ್ಯುವಂತೆ ಬಿಡಬೇಕು. ಆ ಹೊತ್ತಿನಲ್ಲಿ ಹಿಡಿಯು ಸೊಂಟದ ಸಮೀಪದಲ್ಲೇ ಇರಬೇಕೆಂದು ತರಬೇತುದಾರರು ಮತ್ತೆ ಮತ್ತೆ ಹೇಳುವರಷ್ಟೆ. ಹಿಡಿಯನ್ನು ಅವಸರದಿಂದ ಕೈಬಿಟ್ಟು ಚಾಚಿದರೆ ಹಗ್ಗದ ಬಿಗಿ ಹೋಗಿ, ವೃತ್ತದ ದಾರಿ ತಪ್ಪಿ, ಸವಾರನು ಅಗಲವಾಗಿ ಹೋಗುವ ಬದಲು ನೆಟ್ಟಗೆ ಗುಂಡಿನ ಮೇಲೆಯೇ ನುಗ್ಗುತ್ತಾನೆ; ತಿರುಗಲು ಸ್ಥಳವಿಲ್ಲದೆ ತಡವಾಗಿ ತಿರುಗುತ್ತಾನೆ; ಹಗ್ಗ ಸಡಿಲಗೊಂಡು ಜೋಲುತ್ತದೆ; ಮರುಕ್ಷಣ ಅದು ಝಾಡಿಸಿ ಬಿಗಿಯಾದಾಗ ಸೊಂಟ ಮುರಿದಂತೆ ಮುಂದಕ್ಕೆ ಬಾಗುತ್ತಾನೆ.

ಹಗ್ಗದ ಸೆಳೆತದ ಲೆಕ್ಕವನ್ನೂ ನೋಡಬೇಕು. 80 ಕಿಲೋಗ್ರಾಂ ತೂಕದವನು ಮೇಲೆ ಹೇಳಿದ ಅಡ್ಡವೇಗದಲ್ಲಿ 18.25 ಮೀಟರ್ ಹಗ್ಗದಿಂದ ತೂಗುವಾಗ, ವೃತ್ತಗತಿಯೊಂದರಿಂದಲೇ ಅವನ ಕೈಗಳ ಮೇಲೆ ಬೀಳುವ ಭಾರ ಸುಮಾರು 100 ಕಿಲೋಗ್ರಾಂ ತೂಕದಷ್ಟು. 12 ಮೀಟರ್ ಹಗ್ಗದಲ್ಲಿ ಅದು 150ನ್ನು ಮೀರುತ್ತದೆ. ನೀರಿನ ಪ್ರತಿರೋಧದ ಭಾರ ಇದಕ್ಕೆ ಮೇಲಿನದು. ಮೊಣಕೈ ಮಡಿಸಿ ತೋಳುಗಳಿಂದ ಇದನ್ನು ತಡೆಯಹೊರಟವನು ಎರಡು ಮೂರು ಗುಂಡುಗಳಲ್ಲೇ ಸೋಲುವನು. ತೋಳುಗಳು ನೇರವಾಗಿ, ಹೆಗಲು ಸೊಂಟದ ಮೇಲೂ ಸೊಂಟ ಪಾದಗಳ ಮೇಲೂ ಒಂದೇ ರೇಖೆಯಲ್ಲಿ ನಿಂತು, ಕಣಕಾಲುಗಳು ಮಾತ್ರ ಮೃದುವಾಗಿ ಬಾಗಿದ್ದರೆ, ಆ ಭಾರವು ಸ್ನಾಯುಗಳನ್ನು ದಣಿಸದೆ ಅಸ್ಥಿಪಂಜರದ ಮೂಲಕವೇ ಸ್ಕೀಗೆ ಇಳಿದು, ಅದರ ಅಂಚನ್ನು ನೀರಿಗೆ ಒತ್ತುವ ಬಲವಾಗಿ ಪರಿಣಮಿಸುತ್ತದೆ. ಇದೇ ಈ ಕ್ರೀಡೆಯ ಮೂಲಭಂಗಿ.

ದೋಷದ ಮೂಲ

ಉತ್ತಮ ತರಬೇತುದಾರನನ್ನು ಗುರುತಿಸುವುದಕ್ಕೆ ಒಂದು ಸುಲಭವಾದ ಉಪಾಯವುಂಟು. ನಾಲ್ಕನೆಯ ಗುಂಡಿನಲ್ಲಿ ಬಿದ್ದ ಶಿಷ್ಯನಿಗೆ ಅವನು ನಾಲ್ಕನೆಯ ಗುಂಡಿನ ವಿಷಯವನ್ನು ಹೇಳುವುದಿಲ್ಲ. ದ್ವಾರದ ವಿಷಯವನ್ನು ಹೇಳುತ್ತಾನೆ. ಏಕೆಂದರೆ ಈ ಕ್ರೀಡೆಯಲ್ಲಿ ದೋಷವು ಕಾಣಿಸಿಕೊಳ್ಳುವ ಸ್ಥಳ ಬೇರೆ, ಹುಟ್ಟುವ ಸ್ಥಳ ಬೇರೆ. ದ್ವಾರದಲ್ಲಿ ಸೆಕೆಂಡಿನ ಕಾಲು ಭಾಗ ತಡವಾದವನು ಮೊದಲ ಗುಂಡನ್ನು ಹೇಗೋ ಸುತ್ತುತ್ತಾನೆ. ಎರಡನೆಯದನ್ನು ಅವಸರದಿಂದ ಸುತ್ತುತ್ತಾನೆ. ಮೂರನೆಯದರಲ್ಲಿ ಹಗ್ಗ ಸಡಿಲವಾಗುತ್ತದೆ. ನಾಲ್ಕನೆಯದು ಅವನ ಕೈಗೆ ಸಿಗುವುದಿಲ್ಲ. ಸಾಲ ಒಂದೇ, ಬಡ್ಡಿ ಮಾತ್ರ ಪ್ರತಿ ತಿರುವಿನಲ್ಲೂ ಬೆಳೆಯುತ್ತ ಹೋಗಿದೆ.

ಆದುದರಿಂದ ದ್ವಾರಪ್ರವೇಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದ್ವಾರಕ್ಕಿಂತ 55 ಮೀಟರ್ ಮುಂಚೆ ಒಂದು ಜೊತೆ ಗುರುತುಗುಂಡುಗಳಿರುತ್ತವೆ. ಅವುಗಳ ಆಸುಪಾಸಿನಲ್ಲಿ ಸವಾರನು ದೋಣಿಯ ಎಡಕ್ಕೆ ಎಳೆದುಕೊಂಡು ಹೊರಟು, ಅಲೆಸಾಲನ್ನು ದಾಟಿ, ದೋಣಿಯ ಪಕ್ಕದತ್ತ ಮೇಲೇರುತ್ತಾನೆ. ಅಲ್ಲಿ ಒಂದು ಗಳಿಗೆ ಅವನ ವೇಗವೂ ದೋಣಿಯ ವೇಗವೂ ಸಮವಾಗುತ್ತವೆ. ಸ್ಕೀ ನೀರಿನ ಮೇಲೆ ಸಮತಲವಾಗಿ, ಹಗ್ಗ ಹದವಾದ ಬಿಗಿಯಲ್ಲಿ, ಮೈ ನೆಟ್ಟಗೆ. ಅನುಭವವಿಲ್ಲದವನು ಈ ಗಳಿಗೆಯನ್ನು ಸಹಿಸಲಾರನು. ಸಮಯ ಮೀರಿತೆಂಬ ಭೀತಿಯಿಂದ ಥಟ್ಟನೆ ಒಳಕ್ಕೆ ತಿರುಗಿ ಜಗ್ಗುತ್ತಾನೆ. ಬಲ್ಲವನು ಮುಂಗಾಲಿನ ಕಣಕಾಲನ್ನು ಮೆಲ್ಲಗೆ ಬಾಗಿಸಿ, ಸ್ಕೀಯು ತಾನಾಗಿ ಒಳಮುಖವಾಗಿ ತಿರುಗುವವರೆಗೆ ಕಾದು, ಬಳಿಕ ಕ್ರಮಕ್ರಮವಾಗಿ ಭಾರವನ್ನು ಏರಿಸುತ್ತ, ಗರಿಷ್ಠ ಒತ್ತಡವು ಸರಿಯಾಗಿ ದೋಣಿಯ ಹಿಂದೆ ಒದಗುವಂತೆ ದ್ವಾರದೊಳಗೆ ನುಗ್ಗುತ್ತಾನೆ. ಹೊರಕ್ಕೆ ಎಷ್ಟು ಅಗಲವಾಗಿ ಹೋಗಿದ್ದನೋ ಅಷ್ಟು ಎತ್ತರದಿಂದ ಉಯ್ಯಾಲೆ ಇಳಿದಂತಾಗುವುದರಿಂದ, ದ್ವಾರಕ್ಕೆ ಮುಂಚಿನ ಈ ಅಗಲವೇ ಮೊದಲ ಗುಂಡಿನ ಅಗಲವನ್ನು ನಿರ್ಣಯಿಸುತ್ತದೆ.

ತಿರುವಿನಲ್ಲಿ ಕಲಿಸಬೇಕಾದುದು ಮುಖ್ಯವಾಗಿ ಎರಡು. ಮೊದಲನೆಯದು ದೃಷ್ಟಿ: ಗುಂಡನ್ನೇ ದಿಟ್ಟಿಸುವವನ ತಲೆಯೂ ಹೆಗಲೂ ಒಳಕ್ಕೆ ಬೀಳುತ್ತವೆ, ಕಣ್ಣು ಕ್ಷೇತ್ರದ ಉದ್ದಕ್ಕೆ, ದೋಣಿ ಹೋಗುವ ದಿಕ್ಕಿಗೆ ಇರಬೇಕು. ಎರಡನೆಯದು ಸೊಂಟ: ಸ್ಕೀ ತಿರುಗುತ್ತಿರುವಾಗ ಎದೆಯೂ ಸೊಂಟವೂ ಅದರೊಡನೆ ತಿರುಗಿಬಿಡದೆ, ದೋಣಿಯ ಕಡೆಗೆ ತೆರೆದುಕೊಂಡೇ ಇರಬೇಕು. ಹಾಗಿದ್ದರೆ ಸ್ಕೀಯು ಶರೀರದ ಕೆಳಗೆ ತನ್ನ ತಿರುವನ್ನು ಪೂರೈಸಿ ಬಂದಾಗ, ಹಿಡಿ ಸೊಂಟಕ್ಕೇ ಬಂದು ಸೇರುತ್ತದೆ. ಇದರೊಡನೆ ಮತ್ತೊಂದು ಸಹಜ ತೊಡಕೂ ಇದೆ. ಪಾದಗಳು ಒಂದರ ಹಿಂದೊಂದು ನಿಂತಿರುವುದರಿಂದ ಪ್ರತಿಯೊಬ್ಬ ಸವಾರನಿಗೂ ಒಂದು ಬದಿಯ ತಿರುವು ಸುಲಭ, ಇನ್ನೊಂದು ಕಠಿಣ. ಕಠಿಣವಾದ ಬದಿಯಲ್ಲಿ ಎಡವುವವರು ಅಲ್ಲಿಯೇ ಹೆಚ್ಚು ಹೆಣಗುತ್ತಾರೆ. ತರಬೇತುದಾರನು ಸುಲಭವಾದ ಬದಿಯಿಂದ ಹೊರಡುವ ಎಳೆತವನ್ನು ತಿದ್ದುತ್ತಾನೆ. ಅದು ನೆಟ್ಟಗಾದರೆ ಕಠಿಣವಾದ ತಿರುವಿಗೆ ಅರ್ಧ ಸೆಕೆಂಡಿನ ಬಿಡುವು ತಾನಾಗಿ ಒದಗುತ್ತದೆ.

ಈ ಪಾಠಗಳನ್ನು ಗರಿಷ್ಠ ವೇಗದಲ್ಲಿ ಕಲಿಯುವುದು ಅಸಾಧ್ಯ. ದೋಣಿಯ ವೇಗವನ್ನು ಗಂಟೆಗೆ 49 ಕಿಲೋಮೀಟರಿಗೆ ಇಳಿಸಿದರೆ ಕ್ಷೇತ್ರವನ್ನು ದಾಟಲು 19 ಸೆಕೆಂಡು ಹಿಡಿಯುತ್ತದೆ. ಆ ಮೂರು ಸೆಕೆಂಡುಗಳ ವಿರಾಮದಲ್ಲಿ ಬುದ್ಧಿಯು ಶರೀರಕ್ಕೆ ಮಾತು ತಲುಪಿಸಬಲ್ಲುದು. ಗುಂಡುಗಳೇ ಇಲ್ಲದ ತೆರೆದ ನೀರಿನಲ್ಲಿ ಭಂಗಿಯನ್ನು ಮಾತ್ರ ಅಭ್ಯಾಸಮಾಡುವುದು, ಚಲಚ್ಚಿತ್ರವನ್ನು ನಿಧಾನಗೊಳಿಸಿ ದಡದಲ್ಲಿ ಕುಳಿತು ನೋಡುವುದು, ಒಂದು ಸಲಕ್ಕೆ ಒಂದೇ ಒಂದು ತಿದ್ದುಪಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೀರಿಗಿಳಿಯುವುದು, ಇವು ಪ್ರಪಂಚದಾದ್ಯಂತ ಮಾನ್ಯವಾಗಿರುವ ಕ್ರಮಗಳು. ಹದಿನಾರು ಸೆಕೆಂಡುಗಳಲ್ಲಿ ಐದು ಉಪದೇಶಗಳನ್ನು ನೆನೆಯಬಲ್ಲ ಶಿಷ್ಯನನ್ನು ಯಾವ ಗುರುವೂ ಕಂಡಿಲ್ಲ.

ಮಿಲಿಮೀಟರಿನ ಅಂಶ

ಭಂಗಿ ಸ್ಥಿರವಾದ ಮೇಲೆ ಉಪಕರಣದ ಮಾತು ಬರುತ್ತದೆ. ಮರದ ಹಲಗೆಯ ಕಾಲ ಎಂದೋ ಕಳೆದು, ಗಾಜಿನ ನಾರಿನ ಕಾಲವೂ ಹಿಂದಾಗಿ, ಇಂದಿನ ಸ್ಪರ್ಧಾ ಸ್ಕೀಯು ಹಗುರವಾದ ನೊರೆತಿರುಳಿನ ಮೇಲೆ ಇಂಗಾಲದ ನಾರನ್ನು ಹೊದಿಸಿ ಮಾಡಿದ ವಸ್ತುವಾಗಿದೆ. ಅದರ ಉದ್ದ ಸಾಮಾನ್ಯವಾಗಿ 65ರಿಂದ 69 ಅಂಗುಲ. ಸವಾರನ ತೂಕವೂ ದೋಣಿಯ ವೇಗವೂ ಅದನ್ನು ನಿರ್ಧರಿಸುತ್ತವೆ. ತಳವು ನಡುವಿನಲ್ಲಿ ಕಾಲುವೆಯಂತೆ ಒಳಬಾಗಿದ್ದು, ನೀರನ್ನು ಹಿಡಿದು ಅಂಚಿಗೆ ಪಟ್ಟು ಕೊಡುತ್ತದೆ. ಉದ್ದಕ್ಕೂ ಇರುವ ಮೇಲ್ಬಾಗು ತಿರುವಿನ ಕಿರಿದನ್ನು ನಿರ್ಣಯಿಸುತ್ತದೆ. ಅಂಚುಗಳ ಓರೆಯು ಸ್ಕೀ ಎಷ್ಟು ಆಳಕ್ಕೆ ಕುಳಿತು ಸಾಗಬೇಕೆಂಬುದನ್ನು ನಿರ್ಣಯಿಸುತ್ತದೆ. ಬ್ರಿಟನ್ನಿನ ಮಹಾಸವಾರನಾದ ಆಂಡಿ ಮ್ಯಾಪಲ್ ಲೋಕಪ್ರಶಸ್ತಿಗಳನ್ನು ಗೆದ್ದುದಲ್ಲದೆ ಸ್ಕೀಗಳ ವಿನ್ಯಾಸದಲ್ಲಿಯೂ ತೊಡಗಿದ್ದನೆಂಬುದು, ಪಾದಕ್ಕೂ ಹಲಗೆಗೂ ಇರುವ ನಂಟನ್ನು ತೋರಿಸುತ್ತದೆ.

ಸವಾರನ ಕೈಗೆ ಸಿಗುವ ಹೊಂದಾಣಿಕೆಗಳಾದರೋ ಕೆಲವೇ. ಪಾದಗಳನ್ನು ಬಂಧಿಸುವ ಬೈಂಡಿಂಗನ್ನು ಮುಂದಕ್ಕೆ ಸರಿಸಿದರೆ ಸ್ಕೀಯ ಮೂತಿ ನೀರನ್ನು ಹೆಚ್ಚಾಗಿ ಹಿಡಿಯುತ್ತದೆ. ಹಿಂದಕ್ಕೆ ಸರಿಸಿದರೆ ಮೂತಿ ಮೇಲೆದ್ದು ಸಾಗುತ್ತದೆ. ಆದರೆ ಅತ್ಯಂತ ಸೂಕ್ಷ್ಮವಾದುದು ಬಾಲದ ಅಡಿಯಲ್ಲಿ ನಿಂತಿರುವ ಫಿನ್ ಎಂಬ ಅಲ್ಯೂಮಿನಿಯಂ ತಗಡು. ಸುಮಾರು 63 ಮಿಲಿಮೀಟರ್ ಆಳಕ್ಕೆ ಚಾಚಿರುವ ಈ ತಗಡೇ ಬಾಲವು ಪಕ್ಕಕ್ಕೆ ಜಾರದಂತೆ ಹಿಡಿಯತಕ್ಕದ್ದು. ಆಳ ಹೆಚ್ಚಾದರೆ ಬಾಲವು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ತಿರುವು ಮಂದವಾಗುತ್ತದೆ. ಆಳ ಕಡಿಮೆಯಾದರೆ ಬಾಲ ಸಲೀಸಾಗಿ ಜಾರಿ ಸ್ಕೀ ಚುರುಕಾಗಿ ತಿರುಗುತ್ತದೆ, ಅತಿಯಾದರೆ ಕಾಲಡಿಯಿಂದಲೇ ತಪ್ಪಿಸಿಕೊಂಡು ಹೋಗುತ್ತದೆ. ಫಿನ್ನಿಗೆ ಅಡ್ಡಲಾಗಿ ಜೋಡಿಸಿದ ಪುಟ್ಟ ರೆಕ್ಕೆಯನ್ನು ಏಳರಿಂದ ಒಂಬತ್ತು ಡಿಗ್ರಿಯವರೆಗೆ ಓರೆಮಾಡಿರುತ್ತಾರೆ. ಓರೆ ಹೆಚ್ಚಿದಷ್ಟೂ ಗುಂಡಿಗೆ ಮುಂಚೆ ವೇಗ ತಗ್ಗುತ್ತದೆ.

ಫಿನ್ನನ್ನು ತಿದ್ದುವವರು ಒಂದು ಅಂಗುಲದ ಸಾವಿರದಲ್ಲಿ ಐದು ಭಾಗದ, ಎಂದರೆ 0.13 ಮಿಲಿಮೀಟರಿನ, ವ್ಯತ್ಯಾಸವನ್ನು ಮಾತನಾಡುತ್ತಾರೆ. ದಡದ ಮೇಜಿನ ಮೇಲೆ ಸ್ಕೀಯನ್ನು ಬೋರಲು ಹಾಕಿ, ಕ್ಯಾಲಿಪರಿನ ಬುಡವನ್ನು ತಳಕ್ಕೆ ಒತ್ತಿ, ಆಳವನ್ನು ಅಳೆದು, ಉದ್ದವನ್ನು ಅಳೆದು, ಬಾಲದಿಂದಿರುವ ದೂರವನ್ನು ಅಳೆದು ಬರೆದಿಟ್ಟುಕೊಂಡು, ಆಮೇಲೆ ತಿರುಪನ್ನು ಸಡಿಲಿಸಬೇಕು. ಉದ್ದವನ್ನು ಕ್ಯಾಲಿಪರಿನ ಮೊನೆಯಿಂದ ಅಳೆದರೆ ಒಂದು ಸಂಖ್ಯೆ, ದವಡೆಯಿಂದ ಅಳೆದರೆ ಇನ್ನೊಂದು ಸಂಖ್ಯೆ ಬರುವುದರಿಂದ, ಅಳೆದ ಬಗೆಯನ್ನು ಹೇಳದ ಅಂಕಿಗೆ ಅರ್ಥವೇ ಇಲ್ಲ. ಒಂದು ಸಲಕ್ಕೆ ಒಂದೇ ಅಳತೆಯನ್ನು ಬದಲಿಸಿ, ಹಲವು ಓಟಗಳಲ್ಲಿ ಅದರ ಫಲವನ್ನು ನೋಡಿ, ಕೆಟ್ಟುದಾದರೆ ಮೊದಲಿನ ಸಂಖ್ಯೆಗೇ ಹಿಂದಿರುಗಬೇಕು. ಭಂಗಿ ಓಟದಿಂದ ಓಟಕ್ಕೆ ಬದಲಾಗುವವನಿಗೆ ಈ ಪ್ರಯೋಗ ನಿರರ್ಥಕ. ಯಾವ ಬದಲಾವಣೆಯ ಫಲ ಯಾವುದೆಂದು ಅವನು ಹೇಗೆ ತಿಳಿದಾನು?

ದೋಣಿ ಮತ್ತು ನೀರು

ಇನ್ನು ಸವಾರನ ಅಧೀನದಲ್ಲಿಲ್ಲದ ಎರಡು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬೇಕು. ಪ್ರತಿ ಎಳೆತದಲ್ಲೂ ಸವಾರನು ದೋಣಿಯನ್ನು ಹಿಂದಕ್ಕೂ ಪಕ್ಕಕ್ಕೂ ಜಗ್ಗುತ್ತಾನೆ. ಚಾಲಕನು ಅದನ್ನು ಮಧ್ಯರೇಖೆಯಲ್ಲೇ ನಿಲ್ಲಿಸಬೇಕು. ವೇಗದ ಹೊಣೆಯನ್ನು ಈಗ ಉಪಗ್ರಹಗಳ ಸಂಕೇತದಿಂದ ನಡೆಯುವ ನಿಯಂತ್ರಕ ವಹಿಸಿಕೊಂಡಿದೆ. ಜೀರೋ ಆಫ್ ಎಂಬ ಪ್ರಸಿದ್ಧ ನಿಯಂತ್ರಕದಲ್ಲಿ ಎ, ಬಿ, ಸಿ ಅಕ್ಷರಗಳು ಯಂತ್ರ ಎಷ್ಟು ಬೇಗ ಪ್ರತಿಕ್ರಿಯಿಸಬೇಕೆಂಬುದನ್ನೂ, 1, 2, 3 ಅಂಕಿಗಳು ಎಷ್ಟು ಬಲವಾಗಿ ಎಂಬುದನ್ನೂ ಗೊತ್ತುಮಾಡುತ್ತವೆ. ತನ್ನ ತೂಕಕ್ಕೂ ಲಯಕ್ಕೂ ಒಪ್ಪುವ ಜೋಡಿಯನ್ನು ಆರಿಸಿಕೊಂಡು ಅದರಲ್ಲೇ ನೆಲೆನಿಲ್ಲುವುದು ಲೇಸು. ನೀರಿನ ಉಷ್ಣತೆಯೂ ಉಪೇಕ್ಷಣೀಯವಲ್ಲ: 30 ಡಿಗ್ರಿಯ ನೀರಿನ ಸ್ನಿಗ್ಧತೆಯು 10 ಡಿಗ್ರಿಯ ನೀರಿನದಕ್ಕಿಂತ ಸುಮಾರು ಶೇಕಡ 40ರಷ್ಟು ಕಡಿಮೆ. ವಸಂತದಲ್ಲಿ ಹೊಂದಿಸಿದ ಫಿನ್ ಬೇಸಗೆಯ ನಡುವಿನಲ್ಲಿ ಬೇರೆಯೇ ಸ್ಕೀಯಂತೆ ವರ್ತಿಸಿದರೆ ಸವಾರನು ತನ್ನ ಕೌಶಲವನ್ನು ಮಾತ್ರ ಶಂಕಿಸಬೇಕಾಗಿಲ್ಲ.

ಹೀಗೆ ಈ ವಿದ್ಯೆಯಲ್ಲಿ ಸುಧಾರಣೆಗೆ ಒಂದು ಕ್ರಮವುಂಟು: ಮೊದಲು ಭಂಗಿ, ಆಮೇಲೆ ದ್ವಾರ, ಆಮೇಲೆ ತಿರುವು, ಕಟ್ಟಕಡೆಗೆ ಫಿನ್. ಬಹು ಮಂದಿ ಇದನ್ನು ತಲೆಕೆಳಗು ಮಾಡಿ, ಮೊದಲು ಸ್ಕೀಯನ್ನು ಬದಲಿಸುತ್ತಾರೆ, ಕೊನೆಗೆ ಗುರುವನ್ನು ಹುಡುಕುತ್ತಾರೆ. ಹೊಸ ಸ್ಕೀಯಿಂದ ಅರ್ಧ ಗುಂಡಿನ ಲಾಭವಾಗಬಹುದು. ಸರಿಯಾದ ದ್ವಾರಪ್ರವೇಶದಿಂದ ಹಗ್ಗದ ಒಂದು ಇಡೀ ಮೆಟ್ಟಿಲು ಕೈವಶವಾಗುತ್ತದೆ. ಕಲಿಯಬಯಸುವವರು ತಮ್ಮ ಹಣವನ್ನು ಮೊದಲು ಒಳ್ಳೆಯ ತರಬೇತುದಾರನಿಗೂ ಒಳ್ಳೆಯ ಚಾಲಕನಿಗೂ ಸಲ್ಲಿಸಲಿ. ಸ್ಕೀಯ ಅಂಗಡಿ ಒಂದು ವರ್ಷ ಕಾದರೆ ನಷ್ಟವೇನೂ ಇಲ್ಲ.